ಎಡ್ನಾ ಅವರ ನಲವತ್ತು ನಿಮಿಷ

ಮದರಾಸಿನ ಅಡ್ಯಾರಿನ ಕನ್ನಡ ಬಳಗದ ಇಪ್ಪತ್ತೆಂಟು ವರ್ಷದ ಚರಿತ್ರೆಯಲ್ಲಿ ಅಷ್ಟು ಗಹನವಾದ ಪ್ರಶ್ನೆ ಎದ್ದಿರಲಿಲ್ಲ: ನಿಂತುಕೊಂಡು, ಅದೂ ಬೂಟು ಹಾಕಿಕೊಂಡು ಪಿಟೀಲು ನುಡಿಸುವವರಿಗೆ ಜಮಖಾನ ಹಾಸಬೇಕೆ, ಬೇಡವೆ? ಸಮಿತಿ ಎರಡು ಸಲ ಸೇರಿ, ಎರಡು ಸಲವೂ ಕಾಫಿ ಕುಡಿದು, ಅರ್ಧ ಹಾಸುವುದೆಂದು ತೀರ್ಮಾನಿಸಿತು.

ಕಾರ್ಯದರ್ಶಿ ಹರಿಹರನಿಗೆ ಇದೆಲ್ಲ ಸಾಕಾಗಿತ್ತು. ವಿಮಾ ಕಚೇರಿಯಿಂದ ನಿವೃತ್ತನಾದ ಮೇಲೆ ಹನ್ನೊಂದು ವರ್ಷ ಹಾರ ತಂದು, ಮೈಕು ತಟ್ಟಿ ದಣಿದಿದ್ದ. ೧೯೯೯ರ ಡಿಸೆಂಬರಿನ ಆ ಸಂಜೆ, ಅತಿಥಿಯನ್ನು ಕಾರಿನಲ್ಲಿ ಕರೆತರುವಾಗ, ಅವನಿಗಿಂತ ದಣಿದವರೊಬ್ಬರು ಸಿಕ್ಕರು.

ಎಡ್ನಾ ವಿಟ್‌ಫೀಲ್ಡ್‌ಗೆ ಎಪ್ಪತ್ತೊಂದು. ಅಮೆರಿಕದ ದೊಡ್ಡ ವಾದ್ಯವೃಂದವೊಂದಕ್ಕೆ ಸೇರಿದ ಮೊದಲ ಕಪ್ಪು ಮಹಿಳೆ. ಪರೀಕ್ಷೆಯಲ್ಲಿ ಪರದೆಯ ಹಿಂದೆ ನಿಂತು ನುಡಿಸಿ ಆಯ್ಕೆಯಾದರಂತೆ. ಪರದೆ ಸರಿಸಿದ ಮೇಲೆ, ಇನ್ನೊಮ್ಮೆ ನುಡಿಸಿ ಎಂದರಂತೆ. ಆಮೇಲೆ ಮೂವತ್ತು ವರ್ಷ ಹೋದಲ್ಲೆಲ್ಲ ಜನ ಆ ಕಥೆಯನ್ನೇ ಕೇಳಿದರು. ಪಿಟೀಲಿಗೆ ಉಳಿದದ್ದು ಕೊನೆಯ ಹತ್ತು ನಿಮಿಷ. ಇಲ್ಲಿಯಾದರೂ ನಲವತ್ತು ನಿಮಿಷದ ಒಂದು ಕೃತಿಯನ್ನು ಪೂರ್ತಿ ನುಡಿಸಲು ಬಿಡುತ್ತೀರಾ ಎಂದು ಎಡ್ನಾ ಕೇಳಿದರು. ಹರಿಹರ ಮಾತು ಕೊಟ್ಟ.

ಸಭಾಂಗಣವನ್ನು ಎಂಟಕ್ಕೆ ಖಾಲಿ ಮಾಡಬೇಕಿತ್ತು. ಭಾಷಣಕ್ಕೆ ಕರೆದಿದ್ದ ಮುಖ್ಯ ಅತಿಥಿಯೊಬ್ಬರು ರಾಯಪುರಂನ ಕಂಟೇನರ್ ಲಾರಿಗಳ ನಡುವೆ ಸಿಕ್ಕಿಕೊಂಡು, ಆರರ ಬದಲು ಆರೂಮುಕ್ಕಾಲಿಗೆ ಬಂದು, ತಮ್ಮ ಬಾಲ್ಯದಿಂದ ಮಾತು ಶುರುಮಾಡಿದರು. ಕುಳಿತಾಗ ಏಳೂಕಾಲು. ಇನ್ನು ಹರಿಹರನ ನಾಲ್ಕು ಪುಟದ ಪರಿಚಯ, ಆಮೇಲೆ ಅಧ್ಯಕ್ಷ ಭೋಜರಾಜರ ಭಾಷಣ, ಶಾಲು.

ಹರಿಹರ ಅಧ್ಯಕ್ಷರ ಕಿವಿಯ ಬಳಿ ಬಗ್ಗಿದ. "ಸಾರ್, ನಮ್ಮಿಬ್ರ ಮಾತೂ ಬಿಟ್ಬಿಡೋಣ. ಅವರಿಗೆ ಮಾತು ಕೊಟ್ಟಿದೀನಿ."

ಮೂರು ತಲೆಮಾರಿನಿಂದ ಮದರಾಸಿನವರಾದ ಭೋಜರಾಜರು ಭಾಷಣದ ಕಾಗದ ಮಡಿಸಲಿಲ್ಲ. "ಏನ್ರೀ ಹರಿಹರ, ಪೊನ್ನಾಡೆ ಶಾಲು ಹೊದಿಸ್ದೆ ಕಳಿಸಿದ್ರೆ ನಾಳೆ ಯಾರ್ರೀ ಮರ್ಯಾದೆ ಕೊಡ್ತಾರೆ? ಆಯಮ್ಮ ಫಸ್ಟು ಅಲ್ವಾ, ಅದನ್ನ ಹೇಳ್ಬೇಡ್ವಾ? ಕೊನೇಲಿ ಹತ್ನಿಮಿಷ ಬಾರಿಸ್ಲಿ, ಸಾಕು, ಪೋದುಂ."

"ಅದು ಅವರಿಗೆ ಗೊತ್ತಿದೆ ಸಾರ್," ಎಂದ ಹರಿಹರ.

ಮೈಕಿನ ಮುಂದೆ ಹೋಗಿ ನಾಲ್ಕು ಪುಟವನ್ನೂ ಜೇಬಿಗೆ ತುರುಕಿದ. ಒಂದು ತಿಂಗಳು ಕೂತು ಬರೆದದ್ದು. "ಇವರು ಎಡ್ನಾ ವಿಟ್‌ಫೀಲ್ಡ್. ಈಗ ಪಿಟೀಲು ನುಡಿಸ್ತಾರೆ," ಎಂದವನೇ ಮೈಕನ್ನು ಸ್ಟ್ಯಾಂಡಿನ ಸಮೇತ ಎತ್ತಿಕೊಂಡು ವೇದಿಕೆಯಿಂದ ಇಳಿದುಬಿಟ್ಟ.

ಅಧ್ಯಕ್ಷರಿಗೆ ಮೈಕಿಲ್ಲದೆ ಮಾತಾಡಿ ಅಭ್ಯಾಸವಿರಲಿಲ್ಲ. ಎಡ್ನಾ ಎದ್ದು ನಿಂತು ಶುರುಮಾಡಿಯೇಬಿಟ್ಟರು. ನಡುವೆ ಉಪ್ಪಿಟ್ಟಿನ ವಾಸನೆಗೆ ಮೂರು ಸಾಲು ಖಾಲಿಯಾಯಿತು. ಎಡ್ನಾ ಕಣ್ಣು ತೆರೆಯಲಿಲ್ಲ.

ಎಂಟಕ್ಕೆ ಎರಡು ನಿಮಿಷವಿರುವಾಗ ಕೃತಿ ಮುಗಿಯಿತು. ಜನವರಿಯಲ್ಲಿ ಸಮಿತಿ ಹರಿಹರನನ್ನು ಕೈಬಿಟ್ಟು, ಜಯರಾಮ ಎಂಬುವವರನ್ನು ಕಾರ್ಯದರ್ಶಿ ಮಾಡಿತು.