ಐದನೇ ರಸ್ತೆಯ ಪೆಟ್ರೋಲು

ಆಟ ಶುರುವಾಗುವ ಮುಂಚೆ ಹರ್ಷವರ್ಧನ ಇನ್ನೊಂದು ಸಲ ಕರಾರು ಓದಿದ. ಕೈಯಲ್ಲಿ ಕಾಗದವೇನೂ ಇರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಹನ್ನೆರಡು ವರ್ಷ ಫೈಲು ಹಿಡಿದವನು, ಬರಿಗೈಯನ್ನೇ ನೋಡಿಕೊಂಡು ಓದುವ ಅಭ್ಯಾಸ.

"ಐದು ರಸ್ತೆ. ಒಂದೇ ಸಲ. ಐದನೇ ರಸ್ತೆ ಕೊನೇಲಿ ಬಾವುಟ ದಾಟಿದ್ರೆ ಸ್ಕೂಟರ್ ಕೀ ನಿಂಗೆ ವಾಪಸ್. ದಾಟ್ಲಿಲ್ಲ ಅಂದ್ರೆ ಸ್ಕೂಟರ್ ಮಾರಿಬಿಡ್ತೀನಿ. ಆಮೇಲೆ ಮುನಿಸ್ಕೊಂಡು ಊಟ ಬಿಡೋದು, ದಾಕ್ಷಾಯಣಿ ಆಂಟಿ ಕೈಲಿ ಹೇಳ್ಸೋದು, ಯಾವ್ದೂ ಇಲ್ಲ."

"ಮೇಲ್ಮನವಿಗೆ ಅವಕಾಶ?" ಪ್ರೇಮಮ್ಮ ಮಗನ ಮೂಗಿನ ದನಿಯಲ್ಲೇ ಕೇಳಿದರು.

ಸೊಸೆ ಸುಮನಾ ನಗು ತಡೆಯಲು ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ಹರ್ಷವರ್ಧನನ ಮುಖದಲ್ಲಿ ಮಾತ್ರ ಹರ್ಷವೂ ಇಲ್ಲ, ಅದರ ವರ್ಧನೆಯೂ ಇಲ್ಲ.

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಭದ್ರಾವತಿಯ ನ್ಯೂಟೌನಿನಲ್ಲಿ ದಾಕ್ಷಾಯಣಮ್ಮನ ಮನೆ ಹಾಲು. ಶಿವಮೊಗ್ಗದ ದುರ್ಗಿಗುಡಿಯ ಸ್ವಂತ ಮನೆಯಲ್ಲಿ ಎರಡು ಟಿವಿ ಇದ್ದರೂ ಪ್ರೇಮಮ್ಮ ಹಟ ಹಿಡಿದು ಆಟವನ್ನು ಗೆಳತಿಯ ಮನೆಗೆ ಸಾಗಿಸಿದ್ದರು. "ಅಂಪೈರ್ ನನ್ನ ಹೊಟ್ಟೇಲಿ ಹುಟ್ಟಿದೋನು ಆಗ್ಬಾರ್ದು" ಅನ್ನುವುದು ಹೇಳಿಕೊಂಡ ಕಾರಣ. ನಿಜವಾದ ಕಾರಣ ನಾಳೆಯದು. ನಾಳೆ ಬೆಳಿಗ್ಗೆ ಇದೇ ನ್ಯೂಟೌನಿನ ಮೈದಾನದಲ್ಲಿ ಹನ್ನೊಂದು ಜನ ಹೆಂಗಸರು ಹೆಲ್ಮೆಟ್ ಹಿಡಿದು ನಿಲ್ಲುವವರಿದ್ದರು; ಗೆದ್ದರೆ ರಾತ್ರಿ ಇಲ್ಲೇ ಉಳಿದು ನೇರ ಅಲ್ಲಿಗೆ ಹೋಗುವ ಲೆಕ್ಕ. ಪ್ರೇಮಮ್ಮ ಹೆಂಗಸರಿಗೆ ಸ್ಕೂಟರ್ ಕಲಿಸುವ ಮೇಷ್ಟ್ರು. ಇಪ್ಪತ್ತು ವರ್ಷದಲ್ಲಿ ಶಿವಮೊಗ್ಗದ ಟೀಚರುಗಳು, ನರ್ಸುಗಳು, ಇಬ್ಬರು ಲಾಯರುಗಳು, ಒಬ್ಬ ಎಪ್ಪತ್ತರ ಅಜ್ಜಿ, ಎಲ್ಲರೂ ಅವರ ಕೈಕೆಳಗೆ ಬಿದ್ದು ಎದ್ದವರೇ.

ಆಮೇಲೆ ಒಂದು ದಿನ ಮೇಷ್ಟ್ರೇ ಬಿದ್ದರು.

ನಾಲ್ಕು ತಿಂಗಳ ಹಿಂದೆ, ಭದ್ರಾವತಿಗೆ ಬರುವ ಹೈವೇಯಲ್ಲಿ, ಮಲವಗೊಪ್ಪದ ಹತ್ತಿರ. ಸಣ್ಣ ಸ್ಟ್ರೋಕು ಅಂದರು ಆಸ್ಪತ್ರೆಯಲ್ಲಿ. ಅದು ಬಲಗೈಗೆ ಬಂದಾಗ ಆ ಕೈ ಆಕ್ಸಿಲರೇಟರ್ ಹಿಡಿದಿತ್ತು, ಹಿಡಿದದ್ದನ್ನು ಮತ್ತೆ ತೆರೆಯಲೇ ಇಲ್ಲ. ಬೆರಳುಗಳಿಗೆ ತೆರೆ ಅಂತ ಪ್ರೇಮಮ್ಮ ಕೂಗಿ ಹೇಳುತ್ತಿದ್ದರಂತೆ. ಸ್ಕೂಟರು ಅವರನ್ನು ಹೊತ್ತುಕೊಂಡು ಮರಳಿನ ಗುಡ್ಡೆಗೆ ನುಗ್ಗಿತ್ತು. ಮರಳಿದ್ದರಿಂದ ಜೀವಕ್ಕೆ ಮರಳಿದರು. ಮಾತು ಸರಿಹೋಯಿತು, ನಡಿಗೆ ಸರಿಹೋಯಿತು. ಕೈಗೆ ಹಿಡಿಯುವ ಬಲವೂ ಬಂತು. ತೆರೆಯುವುದು ಬರಲಿಲ್ಲ. ಕಾಫಿ ಲೋಟ ಹಿಡಿದರೆ ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿಕೊಳ್ಳಬೇಕು. "ಬಿಗಿ ಸಡಿಲ ಆಗ್ಬೇಕು ಅಮ್ಮಾ, ಸ್ಲೋಲೀ, ಸ್ಲೋಲೀ," ಅಂತ ಫಿಸಿಯೋ ಡಾಕ್ಟರು ಹೇಳುತ್ತಿದ್ದುದನ್ನು ಪ್ರೇಮಮ್ಮ ಅವರ ಎದುರಿಗೇ ಅನುಕರಿಸಿ ತೋರಿಸಿದಾಗ ಡಾಕ್ಟರೂ ನಕ್ಕಿದ್ದರು, ಕೈ ಮಾತ್ರ ನಗದೆ ಉಳಿದಿತ್ತು.

ಬೆರಳುಗಳಿಗೆ ವ್ಯಾಯಾಮ ಆಗಲಿ ಅಂತ ಗೇಮ್‌ಪ್ಯಾಡ್ ತರಿಸಿದ್ದು ಸುಮನಾ. ಹಳೇ ಕಾಲದ ಟಿವಿ ಗೇಮಿನ ಪ್ಯಾಡಿನ ತದ್ರೂಪು: ಬೂದು ಬಣ್ಣ, ಎಡಕ್ಕೆ ಪ್ಲಸ್ ಗುರುತಿನ ಗುಂಡಿ, ಬಲಕ್ಕೆ ಕೆಂಪಗೆ ಎ ಮತ್ತು ಬಿ. ಹಗ್ಗದಂಥ ವೈರಿನ ಬದಲು ಟಿವಿಯ ಬೆನ್ನಿಗೆ ಉಗುರಿನಷ್ಟು ದೊಡ್ಡ ಒಂದು ಕಡ್ಡಿ ಚುಚ್ಚಿದರಾಯಿತು.

"ವೈರ್‌ಲೆಸ್ ಅತ್ತೆ," ಅಂದಿದ್ದಳು.

"ವೈರ್ ಇಲ್ಲ, ವೈರಿ ಇದಾನೆ," ಅಂತ ಪ್ರೇಮಮ್ಮ ಮಗನ ಕೋಣೆ ಕಡೆ ಗದ್ದ ತೋರಿಸಿದ್ದರು.

ಅದರಲ್ಲಿ ಒಂದು ಕಾರಿನ ಆಟ. ಹಳೇ ಎಂಟು-ಬಿಟ್ ಕಂಪ್ಯೂಟರುಗಳ ಕಾಲದ್ದು, ಇಟ್ಟಿಗೆ ಜೋಡಿಸಿದ ಹಾಗೆ ಚೌಕ ಚೌಕ ಚಿತ್ರ. ಎ ಗುಂಡಿ ಒತ್ತಿ ಹಿಡಿದಷ್ಟೂ ಹೊತ್ತು ಕಾರು ಓಡುತ್ತದೆ, ಬೆರಳೆತ್ತಿದರೆ ನಿಧಾನವಾಗುತ್ತದೆ. ತಿರುವಿನಲ್ಲಿ ಎತ್ತದಿದ್ದರೆ ಜಾರಿ ಹೊಲಕ್ಕೆ ಬೀಳುತ್ತದೆ. ಮೂಲೆಯಲ್ಲೊಂದು ಪೆಟ್ರೋಲ್ ಪಟ್ಟಿ, ಗುಂಡಿ ಒತ್ತಲಿ ಬಿಡಲಿ ಕರಗುತ್ತಾ ಇರುತ್ತದೆ. ಹಿಡಿ, ಬಿಡು, ಹಿಡಿ, ಬಿಡು. "ಸ್ಕೂಟರಿಗೂ ಇದಕ್ಕೂ ಏನೋ ವ್ಯತ್ಯಾಸ?" ಅಂತ ಮಗನನ್ನು ಮಾತಲ್ಲಿ ಕಟ್ಟಿಹಾಕಿ ಈ ಕರಾರಿಗೆ ಒಪ್ಪಿಸಿದವರೇ ಅವರು.

ವ್ಯತ್ಯಾಸ ಒಂದಿತ್ತು. ಅದು ಪ್ರೇಮಮ್ಮನಿಗೆ ಮಾತ್ರ ಗೊತ್ತಿತ್ತು.

ಒಂದು ತಿಂಗಳು ಆಡಿದರೂ ಹೆಬ್ಬೆರಳು ಎ ಗುಂಡಿಯಿಂದ ಏಳುತ್ತಿರಲಿಲ್ಲ. ಹಾಗಾಗಿ ಅವರೊಂದು ಉಪಾಯ ಕಂಡುಕೊಂಡಿದ್ದರು. ತಿರುವು ಬಂದಾಗ ಮಣಿಕಟ್ಟು ಹೊರಳಿಸುವುದು; ಇಡೀ ಕೈ ಓರೆಯಾಗಿ, ಮೊಂಡು ಹೆಬ್ಬೆರಳು ತಾನಾಗಿಯೇ ಗುಂಡಿಯಿಂದ ಪಕ್ಕಕ್ಕೆ ಜಾರುತ್ತಿತ್ತು. ನೋಡುವವರಿಗೆ ಬೆರಳೆತ್ತಿದ ಹಾಗೇ ಕಾಣುತ್ತಿತ್ತು. ಸ್ಕೂಟರಿನ ಹಿಡಿಯ ಮೇಲೆ ಈ ಆಟ ನಡೆಯುವುದಿಲ್ಲ ಅಂತ ಇಪ್ಪತ್ತು ವರ್ಷದ ಮೇಷ್ಟ್ರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಮೊದಲು ಕೀ ಸಿಗಲಿ, ಕೈ ಆಮೇಲೆ ದಾರಿಗೆ ಬರುತ್ತದೆ ಅಂತ ತಮಗೆ ತಾವೇ ದಿನವೂ ಸುಳ್ಳು ಹೇಳಿಕೊಳ್ಳುತ್ತಿದ್ದರು. ನಿನ್ನೆ ರಾತ್ರಿ ಆ ಸುಳ್ಳು ಅವರನ್ನು ನಿದ್ದೆ ಮಾಡಲು ಬಿಟ್ಟಿರಲಿಲ್ಲ.

"ರೆಡೀನಾ?" ಅಂದ ಹರ್ಷ. ಪ್ಯಾಡಿನ ನೀಲಿ ದೀಪ ಹತ್ತಿತು.

ಮೊದಲ ರಸ್ತೆ ಸಲೀಸಾಗಿ ಮುಗಿಯಿತು. ಎರಡನೆಯದರಲ್ಲಿ ದಾಕ್ಷಾಯಣಮ್ಮ ಸೋಫಾದ ಅಂಚಿಗೆ ಬಂದು ಕೂತರು. ಅವರ ಯಜಮಾನರು ಮುರುಗೇಶಪ್ಪ ಮೂವತ್ತು ವರ್ಷ ಲಾರಿ ಡ್ರೈವರು, ಈಗಲೂ ಲೋಡ್ ತಗೊಂಡು ಹುಬ್ಬಳ್ಳಿಗೆ ಹೋಗಿದ್ದರು. ಹಾಗಾಗಿ ಆ ಮನೆಯಲ್ಲಿ ರಸ್ತೆ ಅಂದರೆ ಎಲ್ಲರಿಗೂ ಅಭಿಪ್ರಾಯವಿರುತ್ತಿತ್ತು.

"ಎಡಕ್ಕೆ ಜಾಗ ಇದೆ ನೋಡೇ! ಆ ಹಳದಿ ಕಾರಿನೋನಿಗೆ ಬುದ್ಧಿ ಇಲ್ಲ ಕಣೇ, ಅಡ್ಡಡ್ಡ ಬರ್ತಾನೆ!"

"ಆಂಟಿ, ಅದು ಕಂಪ್ಯೂಟರ್," ಅಂದ ಹರ್ಷ.

"ಯಾವನಾದ್ರೇನು ಮಾರಾಯ, ಅಡ್ಡ ಬಂದ್ರೆ ಅಡ್ಡಾನೇ."

ಮೂರನೇ ರಸ್ತೆಯಲ್ಲಿ ತಿರುವುಗಳು ಒಂದರ ಬೆನ್ನಿಗೊಂದು ಬಂದವು. ಪ್ರೇಮಮ್ಮ ಮಣಿಕಟ್ಟು ಹೊರಳಿಸಿದರು, ವಾಪಸ್ ತಂದರು, ಮತ್ತೆ ಹೊರಳಿಸಿದರು. ಒಂದು ತಿರುವಿನಲ್ಲಿ ಹೆಬ್ಬೆರಳು ಜಾರುವುದು ಅರ್ಧ ಗಳಿಗೆ ತಡವಾಗಿ ಕಾರಿನ ಹಿಂದಿನ ಚಕ್ರ ಹೊಲ ಮುಟ್ಟಿತು. ಸುಮನಾ "ಅಯ್ಯೋ" ಅಂದಳು. ಕಾರು ಹೇಗೋ ರಸ್ತೆಗೆ ಬಂತು. ಪ್ರೇಮಮ್ಮನ ಕತ್ತಿನ ಹಿಂದೆ ಬೆವರಿಳಿಯುತ್ತಿತ್ತು. ಯಾರ ದನಿಯನ್ನೂ ಅನುಕರಿಸದೆ ಅವರು ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಆ ಮನೆ ಕಂಡೇ ಇರಲಿಲ್ಲ.

ನಾಲ್ಕನೆಯದು ಮುಗಿಯುವಷ್ಟರಲ್ಲಿ ಮಣಿಕಟ್ಟು ನೋಯತೊಡಗಿತ್ತು. ಹರ್ಷ ಈಗ ಟಿವಿ ನೋಡುತ್ತಿರಲಿಲ್ಲ, ಅಮ್ಮನ ಕೈ ನೋಡುತ್ತಿದ್ದ. ಅವನಿಗೆ ತಿಳಿದುಹೋಯಿತೇ? ಪ್ರೇಮಮ್ಮ ಪ್ಯಾಡನ್ನು ಮಡಿಲಿಗೆ ಇಳಿಸಿ ಸೆರಗಿನ ಮರೆ ಮಾಡಿಕೊಂಡರು.

ಐದನೇ ರಸ್ತೆ ಉದ್ದದ್ದು. ಎರಡು ಸೇತುವೆ, ಆಮೇಲೆ ನೆಟ್ಟಗೆ ಒಂದೇ ಸಮ ಹೋಗುವ ದಾರಿ, ಅದರ ಕೊನೆಗೆ ಬಾವುಟ. ಮೊದಲ ಸೇತುವೆ ದಾಟಿದರು. ಎರಡನೆಯದರ ಮೇಲೆ ಒಂದು ಲಾರಿ ಎದುರಾಯಿತು. ಎಡ, ಬಲ, ಮತ್ತೆ ಎಡ. ದಾಟಿದರು. ಪೆಟ್ರೋಲ್ ಪಟ್ಟಿಯಲ್ಲಿ ಕೆಂಪು ಗೆರೆ ಒಂದೇ ಒಂದು ಉಳಿದಿತ್ತು, ಅದೂ ಮಿನುಗುತ್ತಿತ್ತು. ಟೂಂ ಟೂಂ ಟೂಂ ಅಂತ ಎಚ್ಚರಿಕೆಯ ಸದ್ದು. ಮುಂದೆ ತಿರುವಿಲ್ಲ, ಗಾಡಿಯಿಲ್ಲ. ಗುಂಡಿ ಒತ್ತಿ ಹಿಡಿದರೆ ಸಾಕು. ಹಿಡಿಯುವುದರಲ್ಲಿ ಈ ಕೈಯನ್ನು ಮೀರಿಸುವವರು ಜಿಲ್ಲೆಯಲ್ಲೇ ಇರಲಿಲ್ಲ.

ಬಾವುಟ ಕಂಡಿತು. ದಾಕ್ಷಾಯಣಮ್ಮ ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಕಿರುಚಿದರು:

"ಬಿಡೇ ಪ್ರೇಮಾ! ಬಿಡು! ಬಿಡು ಬಿಡು ಬಿಡು!"

ಪ್ರೇಮಮ್ಮನ ಹೆಬ್ಬೆರಳು ಗುಂಡಿಯಿಂದ ಎದ್ದಿತು.

ಕಾರು ನಿಧಾನವಾಯಿತು. ಕೆಂಪು ಗೆರೆ ಆರಿತು. ಬಾವುಟಕ್ಕೆ ಎರಡು ಕಾರಿನಷ್ಟು ದೂರದಲ್ಲಿ ಅದು ನಿಂತುಬಿಟ್ಟಿತು, ಟಿವಿ ಒಂದು ಸೋಲಿನ ರಾಗ ಊದಿತು.

"ಸಿಗ್ನಲ್ ಕಟ್ಟಾಗಿರ್ಬೇಕು," ಅಂತ ಹರ್ಷ ಪ್ಯಾಡ್ ಕಿತ್ತುಕೊಂಡು ನೋಡಿದ. ನೀಲಿ ದೀಪ ಉರಿಯುತ್ತಿತ್ತು. ಎ ಒತ್ತಿದ, ಹೊಸ ಆಟ ಶುರುವಾಗಿ ಕಾರು ಮುಂದಕ್ಕೆ ನೆಗೆಯಿತು. "ಪ್ಯಾಡ್ ಸರಿಯಾಗಿದೆ. ಕೈ ಸೋತಿದೆ ಅಮ್ಮ. ಅದಕ್ಕೇ ಹೇಳಿದ್ದು ನಾನು."

"ಕೈ ಸೋತಿಲ್ಲ. ನಾನೇ ಬಿಟ್ಟೆ," ಅಂದರು ಪ್ರೇಮಮ್ಮ. ದನಿ ಎಲ್ಲೋ ದೂರದಿಂದ ಬಂದಂತಿತ್ತು.

"ಯಾಕೆ ಬಿಟ್ಟೆ?"

"ಇವಳು ಬಿಡು ಅಂದ್ಲಲ್ಲ."

"ಲೇ!" ದಾಕ್ಷಾಯಣಮ್ಮ ಹಣೆ ಚಚ್ಚಿಕೊಂಡರು. "ಬಿಡು ಅಂದ್ರೆ ಗಾಡಿ ಬಿಡು ಅಂತ! ಜೋರಾಗಿ ಬಿಡು ಅಂತ! ನಮ್ಮನೇಲಿ ಬಿಡು ಅಂದ್ರೆ ಇನ್ನೇನು ಅರ್ಥ? ನಮ್ಮನೆಯವ್ರು ಲಾರಿ ಬಿಡ್ತಾರೆ ಅಂದ್ರೆ ಲಾರೀನ ರಸ್ತೇಲಿ ಬಿಟ್ಟು ಬರ್ತಾರೆ ಅಂತಾನಾ, ಮಾರಾಯ್ತಿ?"

"ನನ್ನ ಕ್ಲಾಸಲ್ಲಿ ಬಿಡು ಅಂದ್ರೆ ಆಕ್ಸಿಲರೇಟರ್ ಬಿಡು ಅಂತ. ಇಪ್ಪತ್ತು ವರ್ಷದಿಂದ ಅದೊಂದೇ ಪದ ಕೂಗಿದೀನಿ. ಜೀವ ಉಳ್ಸೋ ಪದ ಅದು."

"ನಾನೇ ನಿನ್ನ ಆಟ ಕೆಡಿಸ್ಬಿಟ್ಟೆನಲ್ಲೇ," ಅಂತ ದಾಕ್ಷಾಯಣಮ್ಮ ಸೋಫಾಕ್ಕೆ ಕುಸಿದರು. ಕಣ್ಣು ತುಂಬಿತ್ತು.

ಪ್ರೇಮಮ್ಮ ಅವರನ್ನು ಸಮಾಧಾನ ಮಾಡಲಿಲ್ಲ. ತಮ್ಮ ಬಲಗೈ ನೋಡುತ್ತಿದ್ದರು. ಹೆಬ್ಬೆರಳು ಇನ್ನೂ ಗಾಳಿಯಲ್ಲಿತ್ತು, ನೆಟ್ಟಗೆ, ಬೇರೆ ಬೆರಳುಗಳಿಂದ ದೂರ. ಮಣಿಕಟ್ಟು ಹೊರಳಿರಲಿಲ್ಲ.

"ಹರ್ಷ," ಅಂದರು. "ನಾನು ನಾಲ್ಕು ರಸ್ತೆ ಮೋಸದಲ್ಲಿ ದಾಟಿದೀನಿ."

"ಏನು?"

ಪ್ಯಾಡ್ ತೆಗೆದುಕೊಂಡು ಮಣಿಕಟ್ಟಿನ ಉಪಾಯ ತೋರಿಸಿದರು. ಒಂದು ಸಲ, ಎರಡು ಸಲ. ಸುಮನಾಳ ಮುಖ ಬಿಳಿಚಿಕೊಂಡಿತು. ಹರ್ಷನ ಮುಖಕ್ಕೆ ಸಿಟ್ಟು ಏರಿತು.

"ಇದನ್ನ ಇಟ್ಕೊಂಡು ನಾಳೆ ಹನ್ನೊಂದು ಜನರ ಮುಂದೆ ಗಾಡಿ ಹತ್ತೋಳಿದ್ಯಾ? ಮತ್ತೆ ಮಲವಗೊಪ್ಪ ಆದ್ರೆ? ಅಲ್ಲಿ ಮರಳಿತ್ತು. ಎಲ್ಲ ಕಡೆ ಮರಳಿರುತ್ತಾ?"

"ಇರಲ್ಲ. ತಪ್ಪು. ಅದು ತಪ್ಪೇ." ಪ್ರೇಮಮ್ಮ ಪ್ಯಾಡ್ ಕೆಳಗಿಟ್ಟರು. "ಆದ್ರೆ ಈಗ ಬಿಟ್ಟಿದ್ದು ಮೋಸ ಅಲ್ಲ. ನಾಲ್ಕು ತಿಂಗಳಲ್ಲಿ ಮೊದಲನೇ ಸಲ. ನಾನು ಯೋಚ್ನೆ ಮಾಡ್ಲೇ ಇಲ್ಲ ಕಣೋ. ಕಿವಿಗೆ ಬಿತ್ತು, ಬೆರಳು ಎದ್ತು."

ಹರ್ಷನ ಕಚೇರಿ ದನಿ ವಾಪಸ್ ಬಂತು. "ಬಾವುಟ ದಾಟಿಲ್ಲ. ಕರಾರು ಕರಾರೇ."

"ಸೋತಿದೀನಿ, ಒಪ್ಕೊಂಡೆ. ಸ್ಕೂಟರ್ ಮಾರು. ಮಾರೋಕೆ ಮುಂಚೆ ಇದು ನಿಜಾನಾ ಅಂತ ನನಗೆ ಗೊತ್ತಾಗ್ಬೇಕು. ನಿನಗಲ್ಲ, ನನಗೆ." ಗೆಳತಿಯ ಕಡೆ ತಿರುಗಿದರು. "ನಿನ್ನ ಗಾಡಿ ಎಲ್ಲೇ?"

ನಾಳೆಯ ಹನ್ನೊಂದು ಜನರಲ್ಲಿ ದಾಕ್ಷಾಯಣಮ್ಮನೂ ಒಬ್ಬರು. ಅವರ ಹೊಸ ಸ್ಕೂಟರು ಸೀಟಿನ ಪ್ಲಾಸ್ಟಿಕ್ಕನ್ನೂ ಬಿಚ್ಚದೆ ಅಂಗಳದಲ್ಲಿ ನಿಂತಿತ್ತು.

"ಆಂಟಿ ಗಾಡಿ ಕರಾರಲ್ಲಿ ಇಲ್ಲ," ಅಂದ ಹರ್ಷ.

"ಇಲ್ಲ ಅಂದ್ಮೇಲೆ ಅಡ್ಡಿನೂ ಇಲ್ಲ. ನೀನು ಹಿಂದೆ ಕೂತ್ಕೋ. ಕೀ ತಿರುಗಿಸಿ ಆಫ್ ಮಾಡೋಕೆ ನಿನ್ನ ಕೈ ಎಟಕುತ್ತೆ."

ಸುಮನಾ ಗಂಡನ ತೋಳು ಮುಟ್ಟಿದಳು. "ಹೋಗ್ರೀ. ನೀವು ಹಿಂದೆ ಇರ್ತೀರಲ್ಲ."

ನ್ಯೂಟೌನಿನ ರಸ್ತೆಗಳು ಅಗಲ, ಭಾನುವಾರ ಖಾಲಿ. ಇಬ್ಬರೂ ಹೆಲ್ಮೆಟ್ ಹಾಕಿಕೊಂಡರು. ಹರ್ಷ ಬಲಗೈ ಮುಂದೆ ಚಾಚಿ ಕೀ ಮೇಲೇ ಇಟ್ಟಿದ್ದ, ಎಡಗೈ ಅಮ್ಮನ ಭುಜ ಹಿಡಿದಿತ್ತು. ಪ್ರೇಮಮ್ಮ ಹಿಡಿ ತಿರುಚಿದರು. ಸ್ಪೀಡಿನ ಮುಳ್ಳು ಮೇಲೇರಿತು. ಹತ್ತು. ಹದಿನೈದು. ಅಂಗೈ ಬಿಗಿಯುತ್ತಿರುವುದು ಅವರಿಗೆ ಗೊತ್ತಾಗುತ್ತಿತ್ತು, ಮಲವಗೊಪ್ಪದ ದಿನದ ಹಾಗೇ. ಮೊದಲ ತಿರುವಿಗೆ ಬೆರಳು ಸಡಿಲವಾಯಿತೋ ಇಲ್ಲವೋ, ಸರಿಯಾಗಿ ಹೇಳುವಂತಿರಲಿಲ್ಲ. ಗಾಡಿ ನಿಧಾನವಾಗಿಯೇ ಇತ್ತು. "ಸಾಕಮ್ಮ," ಅಂದ ಹರ್ಷ. "ಇನ್ನೂ ಆಗಿಲ್ಲ," ಅಂದರು. ಇಪ್ಪತ್ತು. ಇಪ್ಪತ್ತೈದು.

ಎಡಗಡೆಯ ಗೇಟಿನಿಂದ ಒಂದು ಗೂಡ್ಸ್ ಆಟೋ ಹಿಂದೆ ಮುಂದೆ ನೋಡದೆ ರಿವರ್ಸಿನಲ್ಲಿ ಹೊರಬಂತು.

ಹರ್ಷನಿಗೆ ಕೂಗಲೂ ಹೊತ್ತಿರಲಿಲ್ಲ. ಕೀ ತಿರುಗಿಸಲೂ ಹೊತ್ತಿರಲಿಲ್ಲ. ಪ್ರೇಮಮ್ಮನ ಒಳಗೆ ಅವರದೇ ದನಿ, ಮೈದಾನದಲ್ಲಿ ಕೂಗುವ ದನಿ, ಒಂದು ಪದ ಕೂಗಿತು. ಅಂಗೈ ತೆರೆಯಿತು. ಎಡಗೈ ಬ್ರೇಕ್ ಎಳೆಯಿತು. ಆಟೋದ ಹಿಂಬದಿಯ ಹಲಗೆ ಮುಂದಿನ ಚಕ್ರಕ್ಕೆ ಒಂದು ಮೊಳ ದೂರದಲ್ಲಿ ಹಾದುಹೋಯಿತು.

"ನೋಡ್ಕೊಂಡು ಬರೋಕಾಗಲ್ವೇನ್ರೀ ಅಮ್ಮಾ?" ಅಂತ ಆಟೋದವನು ತಪ್ಪೆಲ್ಲ ಅವರದೇ ಅನ್ನುವ ಹಾಗೆ ಬೈದು ಹೋದ.

ಪ್ರೇಮಮ್ಮ ಬಲಗೈಯನ್ನು ಹಿಡಿಯಿಂದ ಎತ್ತಿದರು, ಮತ್ತೆ ಇಟ್ಟರು, ಮತ್ತೆ ಎತ್ತಿದರು. ಕಷ್ಟಪಟ್ಟಾದರೂ ಎದ್ದಿತು. ಬೆನ್ನ ಹಿಂದೆ ಮಗನ ಉಸಿರು ಜೋರಾಗಿ ಕೇಳುತ್ತಿತ್ತು.

"ನೋಡಿದೆ," ಅಂದ ಅವನು. "ನಮ್ಮ ಗಾಡಿ ಮಾರಲ್ಲ. ಆದ್ರೆ ಫಿಸಿಯೋ ಡಾಕ್ಟರು ಹೂಂ ಅನ್ನೋವರೆಗೂ ಮೈದಾನ ಮಾತ್ರ, ಹೈವೇ ಇಲ್ಲ. ನಾಳೆ ನಾನೂ ಬರ್ತೀನಿ. ರಜೆ ಹಾಕ್ತೀನಿ."

"ಬಾ. ಹನ್ನೆರಡನೇ ಸ್ಟೂಡೆಂಟ್ ಆಗ್ತೀಯ. ಈಗ ಇಳಿ."

"ಯಾಕೆ?"

"ನನ್ನ ಕ್ಲಾಸಲ್ಲಿ ಮೊದಲನೇ ಸುತ್ತಿಗೆ ಒಬ್ರು ಹಿಂದೆ ಕೂರ್ತಾರೆ. ಎರಡನೇ ಸುತ್ತಿಗೆ ಕೂರಲ್ಲ. ಇಲ್ಲಿಂದ ದಾಕ್ಷಾಯಣಿ ಗೇಟಿನವರೆಗೆ ಅಷ್ಟೇ."

ಹರ್ಷ ಇಳಿದ. ಇಳಿದು, ಸ್ಕೂಟರಿನ ಹಿಂದಿನ ಕಂಬಿ ಹಿಡಿದುಕೊಂಡು ನಿಂತ. ಪ್ರೇಮಮ್ಮ ಕನ್ನಡಿಯಲ್ಲಿ ನೋಡಿದರು.

"ಕಂಬಿ ಹಿಡ್ಕೊಂಡಿದೀಯ ಕಣೋ."

"ಗೊತ್ತು," ಅಂದ ಅವನು. ಆದರೂ ಹಿಡಿದೇ ಇದ್ದ.

ಪ್ರೇಮಮ್ಮ ಅವಸರ ಮಾಡಲಿಲ್ಲ. ಹೀಗೆ ಹಿಡಿದ ಗಾಡಿ ಬಿಡಲಾರದ ಗಂಡಂದಿರನ್ನು, ಅಪ್ಪಂದಿರನ್ನು, ಅಣ್ಣಂದಿರನ್ನು ಅವರು ಮೈದಾನದ ಅಂಚಿನಲ್ಲಿ ಇಪ್ಪತ್ತು ವರ್ಷದಿಂದ ನೋಡಿದ್ದರು. ಇಂಜಿನ್ ಆರಿಸದೆ, ಎರಡೂ ಕಾಲು ನೆಲಕ್ಕೆ ಊರಿ, ಕಾದರು.