ಒಂಬತ್ತನೇ ದಿನದ ಪೋಸ್ಟರ್

ಕೃಷ್ಣಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಗೋಡೆಗೆ ಇಪ್ಪತ್ತೆರಡು ವರ್ಷದಿಂದ ಪೋಸ್ಟರ್ ಅಂಟಿಸುವವನು ನಾನು. ಒಂದರ ಮೇಲೊಂದು ಅಂಟಿ ಕಾಗದದ ಪದರ ರೊಟ್ಟಿಯಂತೆ ದಪ್ಪವಾಗಿತ್ತು. ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮೇಘಶ್ರೀ ಎಂಬ ಹಾಸನದ ಹುಡುಗಿ ಅದರ ದೊಡ್ಡ ತುಂಡೊಂದನ್ನು ಕಿತ್ತೊಯ್ದು, ಹಲಗೆಗೆ ಬಿಗಿದು, ಅಲ್ಲಲ್ಲಿ ಮೇಲಿನ ಪದರ ಹರಿದು ಕೊಲಾಜ್ ಮಾಡಿದ್ದಳು. ಅಮೆರಿಕದ ಗ್ಯಾಲರಿಯೊಂದು ಅದನ್ನು ಅಲ್ಲಿನ ಜನಕ್ಕೆ ತೋರಿಸುತ್ತದಂತೆ. ಅಂಟಿಸಿದವನ ಒಪ್ಪಿಗೆ ಬೇಕೆಂದು ನನ್ನನ್ನು ಮನೆಗೆ ಕರೆಸಿದಳು.

ನೋಡಿದೆ, ತಲೆಬುಡ ತಿಳಿಯಲಿಲ್ಲ. ಯಾವನೋ ರಾಜಕಾರಣಿಯ ಕೈ, ಮಾವಿನ ಮಂಡಿಯವರ ಅರ್ಧ ಹಣ್ಣು, ತಮಿಳಿನ ನಾಲ್ಕು ಅಕ್ಷರ.

"ಇದನ್ನ ನೋಡಕ್ಕೆ ಜನ ಬತ್ತಾರಾ? ನಮ್ಮೂರಲ್ಲಿ ಇದರ ಮುಂದೆ ನಿಂತು ಬಸ್ಸಿಗೆ ಕಾಯ್ತಾರೆ, ಅಷ್ಟೇ."

ಮೇಘಶ್ರೀ ನಕ್ಕಳು. "ಬರ್ತಾರೆ ಹನುಮಯ್ಯಣ್ಣ. ಮಧ್ಯದಲ್ಲಿರೋ ಈ ಮುಖ ನೋಡಿ. ಫೋಟೊ ನೋಡಿದ ಗ್ಯಾಲರಿಯವರಿಗೆ ಇದೇ ತುಂಬಾ ಹಿಡಿಸಿದ್ದು."

ಅಕ್ಕಿ ಅಂಗಡಿಯ ಪೋಸ್ಟರಿನ ಹರಿದ ಅಂಚಿನಾಚೆ ಒಂದು ಕಣ್ಣು, ಒಂದು ಮೂಗುಬೊಟ್ಟು. ನನ್ನ ಹೆಂಡತಿ ನರಸಮ್ಮ. ಮೂರು ವರ್ಷದ ಹಿಂದೆ ಅವಳು ಸತ್ತಾಗ, ಸತ್ತವರ ಫೋಟೊ ಹಾಕಿ ಇಲ್ಲಿನವರು ಅಂಟಿಸುವ ಕಣ್ಣೀರಂಜಲಿ ಪೋಸ್ಟರನ್ನು ನಾನೇ ಅಲ್ಲಿ ಅಂಟಿಸಿದ್ದೆ.

"ಇವ್ಳು ನನ್ನ ಹೆಂಡ್ತಿ. ಇದು ಹೋಗಂಗಿಲ್ಲ. ಕಿತ್ತಾಕು."

ಮೇಘಶ್ರೀ ಹಲಗೆಯಿಂದ ಹಿಂದೆ ಸರಿದಳು. "ನಂಗೆ ಗೊತ್ತಿರ್ಲಿಲ್ಲ ಅಣ್ಣ. ಕಾಲ ಮುಚ್ಚಿದ ಮುಖ ಅಂತ ಚಿತ್ರದ ಪಕ್ಕ ಹಾಕೋ ಕಾರ್ಡಲ್ಲಿ ಬರ್ದುಬಿಟ್ಟಿದ್ದೀನಿ."

"ಯಾವ ಕಾಲನೂ ಮುಚ್ಲಿಲ್ಲ ಕಣಮ್ಮ. ಮುಚ್ಚಿದೋನು ನಾನು. ಒಂಬತ್ತನೇ ದಿನಕ್ಕೆ."

ಹನ್ನೊಂದನೇ ದಿನದ ತಿಥಿ ಮುಗಿಯುವ ತನಕ ಸತ್ತವರ ಪೋಸ್ಟರಿನ ಮೇಲೆ ಯಾರೂ ಅಂಟಿಸಬಾರದು. ನಮ್ಮ ಕಸುಬಿನವರಿಗೆಲ್ಲ ಇದು ಗೊತ್ತು; ಅವಳಿಗೂ ಹೇಳಿದೆ. ಬೇರೆಯವನು ಹೀಗೆ ಮಾಡಿದ್ದರೆ ಹೊಡೆಯಲು ಹೋಗುತ್ತಿದ್ದೆ. ಗೋಡೆಯಲ್ಲಿ ಬೇರೆ ಜಾಗವಿಲ್ಲವೆಂದು ಮಾಡಿದೆನೋ, ದಿನಾ ಅವಳ ಮುಖ ನೋಡಲಾಗದೆ ಮಾಡಿದೆನೋ, ಈಗಲೂ ಗೊತ್ತಿಲ್ಲ.

"ಹಂಗೇ ಬರ್ದು ಕಳ್ಸು, ನನ್ನ ತಪ್ಪು ಅಂತ. ಅವರೇ ಬ್ಯಾಡ ಅಂತಾರೆ."

ನಾಲ್ಕು ದಿನಕ್ಕೆ ಅವಳು ಗ್ಯಾಲರಿಯವರ ಒಪ್ಪಿಗೆ ಕಾಗದ ಹಿಡಿದು ನಮ್ಮ ಮನೆಗೇ ಬಂದಳು. ಅವರು ಬೇಡವೆಂದಿರಲಿಲ್ಲ. ನನ್ನನ್ನೂ ಕಲಾವಿದನೆಂದು ಸೇರಿಸುತ್ತಾರಂತೆ. ತಪ್ಪು ಒಪ್ಪಿಕೊಂಡವನನ್ನು ಹೊಗಳುವ ಇವರು ಎಂಥ ಜನ? ಬಯ್ಯಬೇಕೆನಿಸಿತು. ಯಾರನ್ನು ಬಯ್ಯುವುದೆಂದು ತಿಳಿಯಲಿಲ್ಲ.

"ಅವ್ಳು ಇಲ್ಲಿ ಪೂರ್ತಿ ಮುಚ್ಕೊಂಡಿರೋದು ಸರಿನಾ, ಅಲ್ಲಿ ಅರ್ಧ ಕಾಣೋದು ಸರಿನಾ? ನೀನೇ ಹೇಳು, ಓದಿರೋಳು."

"ನಂಗೂ ಗೊತ್ತಾಗ್ತಿಲ್ಲ ಅಣ್ಣ. ನೀವು ಬೇಡ ಅಂದ್ರೆ ಕಳಿಸಲ್ಲ."

ಬೇಡವೆನ್ನಲು ಬಾಯಿ ತೆರೆದೆ. ಆ ಒಂದು ಕಣ್ಣು ನೆನಪಾಯಿತು. ಮತ್ತೆ ಎಲ್ಲಿಗೆ ಹೋಗಬೇಕು ಅದು, ನನ್ನ ಅಂಟಿನ ಕೆಳಕ್ಕಾ?

"ಕಲಾವಿದ ಅನ್ನೋದನ್ನ ಹೊಡ್ದಾಕು. ಗಂಡ ಅಂತ ಬರಿ."

ಬರೆದಳು. ಅಮೆರಿಕದವರಿಗೆ ಅದರಿಂದ ಏನು ತಿಳಿಯುತ್ತದೋ ನಾನು ಕಾಣೆ. ಸಹಿ ಹಾಕಿದೆ.