ಖಾನೆಯೊಳಗಿನ ದೀಪ

ಅಜ್ಜಿಯ ಕಥೆಗಳೆಲ್ಲ ನನ್ನೊಬ್ಬಳ ಆಸ್ತಿ ಎಂದುಕೊಂಡಿದ್ದೆ. ನೆರಳು ಕಳೆದುಕೊಂಡ ರಾಜಕುಮಾರಿ, ಗಾಳಿಯನ್ನು ಚೀಲದಲ್ಲಿ ಕಟ್ಟಿಟ್ಟ ಮುದುಕಿ, ಎಲ್ಲರೂ ನನ್ನ ಮಗ್ಗುಲಲ್ಲೇ ಮಲಗಿ ಬೆಳೆದವರು. ಮನೆಗೆ ಯಾರೇ ಬಂದರೂ, "ಅಜ್ಜಿ ಕಥೆ ಪೂರಾ ಗೊತ್ತಿರೋದು ನಂಗೊಬ್ಬಳಿಗೇ" ಎಂದು ಕೊಚ್ಚಿಕೊಳ್ಳುತ್ತಿದ್ದೆ. ಅಣ್ಣನ ಮದುವೆಯಾಗಿ ಆರು ತಿಂಗಳಿಗೆ ಆ ಆಸ್ತಿಗೆ ಪಾಲುಗಾರ್ತಿ ಬಂದಳು. ಅತ್ತಿಗೆ.

ಅಣ್ಣನಿಗೆ ರಾತ್ರಿ ಪಾಳಿ. ಹಗಲು ಅವನು ಮಲಗಿದ್ದಾಗ ಮನೆಯಲ್ಲಿ ಚಮಚ ಬಿದ್ದರೂ ತಪ್ಪು. ಹಾಗಾಗಿ ಮಧ್ಯಾಹ್ನ ಅಜ್ಜಿಯೂ ಅತ್ತಿಗೆಯೂ ಗೇಟಿನೊಳಗೆ ನಿಂತ ನಮ್ಮ ಹಳೆಯ ಕಾರಿನಲ್ಲಿ ಹೋಗಿ ಕೂರುತ್ತಿದ್ದರು. ಮುಂದಿನ ಸೀಟು ಬೆನ್ನಿಗೆ ಹಿತವೆಂದು ಅಜ್ಜಿಯ ನೆಪ. ನಾನು ಮುದ್ರಣಾಲಯದಲ್ಲಿ ಬೆಳಗಿನ ಹೊತ್ತು ಪ್ರೂಫ್ ತಿದ್ದಿ, ಅದೇ ಕಾರಿನಲ್ಲಿ ಒಂದು ಗಂಟೆಗೆಲ್ಲ ವಾಪಸಾಗುತ್ತೇನೆ. ಎಂಜಿನ್ ಆರುವುದೇ ತಡ, ಅವರಿಬ್ಬರು ಹಾಜರು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ತಣ್ಣಗಾದ ಅನ್ನ ಕಲಸುತ್ತ ನೋಡುತ್ತಿದ್ದೆ. ಅಜ್ಜಿಯ ಕೈ ಗಾಳಿಯಲ್ಲಿ ಚೀಲ ಕಟ್ಟುತ್ತಿತ್ತು. ಆ ಕೈಯ ತಿರುವು ನನಗೆ ಗೊತ್ತು! ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದಂತಾಗುತ್ತಿತ್ತು. 'ಬಾ' ಎಂದು ಒಬ್ಬರೂ ಕರೆಯಲಿಲ್ಲ. ನಾನಾಗಿ ಹೋಗಲು ನನಗೇನು ದರ್ದು?

ಅಷ್ಟರಲ್ಲಿ ಕಾರಿನ ಬ್ಯಾಟರಿ ಕೈಕೊಡತೊಡಗಿತು. ಮೂರು ದಿನಕ್ಕೊಮ್ಮೆ ಬೆಳಗ್ಗೆ ಕೀ ತಿರುಗಿಸಿದರೆ ಬರೀ 'ಟಿಕ್'. ಹೊಸ ಬ್ಯಾಟರಿ ಹಾಕಿಸಿದ್ದಾಯಿತು. ಅದೂ ನಾಲ್ಕನೇ ದಿನ ಮಲಗಿತು.

"ಮಧ್ಯಾಹ್ನ ಅಲ್ಲಿ ಕೂತು ಏನೇನು ಒತ್ತಿ ನೋಡ್ತಾರೋ, ಯಾರಿಗೆ ಗೊತ್ತು" ಎಂದೆ ಅಣ್ಣನಿಗೆ, ಅತ್ತಿಗೆಗೆ ಕೇಳಿಸುವ ಹಾಗೆ.

"ಕೀ ನಿನ್ನ ಹತ್ರಾನೇ ಇರುತ್ತಲ್ಲ ಪುಟ್ಟಿ. ನಾವು ಏನೂ ಮುಟ್ಟಲ್ಲ" ಎಂದರು ಅತ್ತಿಗೆ, ತಲೆ ತಗ್ಗಿಸಿ.

ಆ ತಗ್ಗಿದ ತಲೆಯೇ ನನಗೆ ಸಾಕ್ಷಿಯಾಗಿ ಕಂಡಿತು. ಕಾರಿನ ವೈರಿಂಗ್ ಕೆಲಸದವರನ್ನು ನಾನೇ ಕರೆಸಿದೆ. ಅತ್ತಿಗೆಯ ತಪ್ಪು ಎಲ್ಲರೆದುರು ಸಾಬೀತಾಗಲಿ ಎಂದು ಅಜ್ಜಿ, ಅತ್ತಿಗೆ ಇಬ್ಬರನ್ನೂ ಹೊರಗೆ ನಿಲ್ಲಿಸಿದೆ.

ವೈರಿಂಗಿನವರು ಆತುರದ ಮನುಷ್ಯರಲ್ಲ. ಬ್ಯಾಟರಿ ನೋಡಿದರು, ಸರಿಯಿತ್ತು. ಎಂಜಿನ್ ಓಡಿಸಿ ಚಾರ್ಜಿಂಗ್ ನೋಡಿದರು, ಅದೂ ಸರಿ. ಆಮೇಲೆ ಎಂಜಿನ್ ಆರಿಸಿ, ಬ್ಯಾಟರಿಯ ಒಂದು ವೈರು ಬಿಚ್ಚಿ, ನಡುವೆ ಮೀಟರ್ ಜೋಡಿಸಿದರು.

"ನೋಡಮ್ಮ, ಎಲ್ಲ ಆಫ್ ಇದೆ. ಆದ್ರೂ ಅರ್ಧ ಆಂಪಿಯರ್ ಕರೆಂಟ್ ಹರೀತಿದೆ. ಯಾರೋ ಒಳಗೆ ಕೂತು ಕುಡೀತಿದಾರೆ."

ನಾನು ಅತ್ತಿಗೆಯನ್ನು ನೋಡಿದೆ.

ವೈರಿಂಗಿನವರು ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ನೋಡಿದರು. ಹಾರನ್, ಅಲುಗಲಿಲ್ಲ. ರೇಡಿಯೋ, ಅಲುಗಲಿಲ್ಲ. ಒಳದೀಪಗಳ ಫ್ಯೂಸ್ ಕಿತ್ತಾಗ ಅಂಕಿ ಸೊನ್ನೆಗೆ ಬಿತ್ತು. ಆ ಫ್ಯೂಸನ್ನು ಮತ್ತೆ ಹಾಕಿ ನೋಡಿದರು. ಚಾವಣಿಯ ದೀಪ ಆರಿಯೇ ಇತ್ತು. ಡಿಕ್ಕಿಯದೂ ಆರಿತ್ತು. ಕೊನೆಗೆ ಅವರು ಡ್ಯಾಶ್‌ಬೋರ್ಡಿನ ಖಾನೆಯತ್ತ ಬಗ್ಗಿ ನಕ್ಕರು.

"ನಿಮ್ಮ ಕಾರಿಗೆ ಕತ್ತಲೆ ಅಂದ್ರೆ ಭಯ ಇರ್ಬೇಕು. ದೀಪ ಹಚ್ಕೊಂಡೇ ಮಲಗುತ್ತೆ!"

ಆ ಖಾನೆಯ ಚಿಲಕ ಮುರಿದು ವರ್ಷವಾಗಿತ್ತು. ಮುಚ್ಚಳ ಜೋತು ಬೀಳದಂತೆ ನನ್ನ ಜಡೆಯ ರಬ್ಬರ್ ಬ್ಯಾಂಡನ್ನು ಕಟ್ಟಿದವಳು ನಾನೇ. ಈಗ ಒಳಗೆ ಯಾರೋ ಏನೋ ದಪ್ಪದ್ದು ತುರುಕಿದ್ದರಿಂದ ಮುಚ್ಚಳ ಒಂದು ಬೆರಳಷ್ಟು ತೆರೆದೇ ನಿಂತಿತ್ತು. ಪೂರ್ತಿ ಮುಚ್ಚದೆ ಖಾನೆಯೊಳಗಿನ ಪುಟ್ಟ ದೀಪ ಆರುವುದಿಲ್ಲ. ಹಗಲಿನ ಬೆಳಕಿನಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕೈ ಹಾಕಿ ಎಳೆದೆ. ನೋಟುಪುಸ್ತಕ. ಅತ್ತಿಗೆಯ ದುಂಡು ಅಕ್ಷರ. 'ಗಾಳಿ ಕಟ್ಟಿದ ಮುದುಕಿ.' ನನ್ನ ಮುದುಕಿ! ಕಿವಿ ಬಿಸಿಯಾಯಿತು. ಪುಟ ತಿರುವಿದೆ. ಮುದುಕಿಯ ಚೀಲದ ಗಂಟು ಸಡಿಲವಾಗುವವರೆಗೆ ಕಥೆಯಿತ್ತು. ಮುಂದೆ ಅರ್ಧ ಪುಟ ಖಾಲಿ. ಕೆಳಗೆ ಪೆನ್ಸಿಲಿನಲ್ಲಿ: 'ಕೊನೆ ಪುಟ್ಟಿಗೆ ಗೊತ್ತು. ಕೇಳಬೇಕು.' ರಾಜಕುಮಾರಿಯ ಕಥೆಗೂ ಅಷ್ಟೇ. ಹನ್ನೊಂದು ಕಥೆ, ಹನ್ನೊಂದು ಖಾಲಿ ಜಾಗ.

ವೈರಿಂಗಿನವರು ಮುಚ್ಚಳ ಒತ್ತಿ ಹಿಡಿದು ಮೀಟರ್ ತೋರಿಸಿ, ಚಿಲಕ ಬದಲಿಸಿ ಹೋದರು. ನಾನು ಪುಸ್ತಕ ಹಿಡಿದು ನಿಂತೇ ಇದ್ದೆ.

"ಕೇಳೋದು ತಾನೇ?" ಎಂದೆ.

"ಹೇಗೆ ಕೇಳ್ಲಿ? ನೀನು ನಂಗೆ ಮುಖ ಕೊಟ್ಟು ಮಾತಾಡಿದ್ದು ಯಾವಾಗ? ಪುಸ್ತಕ ನೋಡಿದ್ರೆ ಬೈತೀಯ ಅಂತ, ನೀನು ತೆಗೆಯದ ಈ ಖಾನೇಲಿ ಬಚ್ಚಿಟ್ಟೆ" ಎಂದರು ಅತ್ತಿಗೆ.

ಈಗ ನಿಜ ಹೇಳಲೇಬೇಕಿತ್ತು. ಇಷ್ಟು ವರ್ಷ ಕೊಚ್ಚಿಕೊಂಡ ನಾಲಗೆಗೆ ಅದು ಸುಲಭವಾಗಲಿಲ್ಲ.

"ನಂಗೂ ಗೊತ್ತಿಲ್ಲ ಅತ್ತಿಗೆ. ಒಂದು ಕಥೇದೂ ಗೊತ್ತಿಲ್ಲ. ಕೊನೆ ಬರೋಷ್ಟರಲ್ಲಿ ನಿದ್ದೆ ಹೋಗಿಬಿಡ್ತಿದ್ದೆ."

ಅಜ್ಜಿ ಕಾರಿನ ಬಾಗಿಲು ತೆಗೆದು ತನ್ನ ಸೀಟಿನಲ್ಲಿ ಕೂತಳು.

"ಅಯ್ಯೋ ಹುಚ್ಚಿ, ನೀನು ಮಲಗಿದ ಮೇಲೆ ನಾನ್ಯಾರಿಗೆ ಹೇಳ್ಲಿ? ಅಲ್ಲಿಗೇ ನಿಲ್ಲಿಸ್ತಿದ್ದೆ. ಬೆಳಗ್ಗೆ ಹಲ್ಲುಜ್ಜುತ್ತಾ ನೀನೇ ಬಂದು, 'ಅಜ್ಜಿ, ಆಮೇಲೆ ಹಿಂಗಾಯ್ತು' ಅಂತ ಹೇಳ್ತಿದ್ದೆ. ಒಂದೊಂದು ದಿನ ಒಂದೊಂದು ಥರ. ಅವೆಲ್ಲ ನಂಗೆಲ್ಲಿ ನೆನಪಿರುತ್ತೆ? ಅದಕ್ಕೇ ಇವಳಿಗೆ ಅಂದೆ, ಕೊನೆ ಪುಟ್ಟೀದು, ಅವಳನ್ನೇ ಕೇಳು ಅಂತ."

ನನಗೆ ಅಂಥ ಒಂದು ಬೆಳಗ್ಗೆಯೂ ನೆನಪಿರಲಿಲ್ಲ. ಆದರೂ ಅರೆದಿದ್ದ ಮೆಣಸಿನಕಾಯಿಗೆ ಯಾರೋ ತಣ್ಣೀರು ಸುರಿದಂತಾಯಿತು.

ಅತ್ತಿಗೆ ಚಾಲಕನ ಸೀಟಿನಲ್ಲಿ ಕೂತು ಖಾನೆಯಿಂದ ಪೆನ್ಸಿಲ್ ತೆಗೆದುಕೊಂಡರು. ನಾನು ಹಿಂದೆ ಹೋಗಿ ಕೂತೆ.

"ಹೇಳು, ಗಂಟು ಬಿಚ್ಚಿತು. ಆಮೇಲೆ?" ಎಂದರು ಅತ್ತಿಗೆ.

"ಗಾಳಿ ಹೊರಗೆ ಹೋಗ್ಲಿಲ್ಲ" ಎಂದೆ ನಿಧಾನವಾಗಿ. "ಬಾಗಿಲ ತನಕ ಹೋಯ್ತು. ಮುದುಕಿ ಒಬ್ಬಳೇ ಆಗ್ತಾಳಲ್ಲ ಅಂತ ತಿರುಗಿ ಬಂತು."

"ಹ್ಞಾ, ಇದೇ!" ಎಂದಳು ಅಜ್ಜಿ. ನೆನಪಾಯಿತೋ, ನನ್ನ ಮೇಲಿನ ಪ್ರೀತಿಗೆ ಅಂದಳೋ.

"ಪುಸ್ತಕ ಕೊಡು, ಬರ್ಕೊಳ್ತೀನಿ" ಎಂದರು ಅತ್ತಿಗೆ.

"ನೀವೇ ಪೆನ್ಸಿಲ್ ಇಲ್ಲಿ ಕೊಡಿ, ನಾನೇ ಬರೀತೀನಿ" ಎಂದೆ.

ಅತ್ತಿಗೆ ನಗುತ್ತ ಕೊಟ್ಟರು. ಕೊನೆ ಬರೆಯುವಾಗ ಅಕ್ಷರ ಅವರದಕ್ಕಿಂತ ದುಂಡಗಿರಲಿ ಎಂದು ನಾನು ಸ್ವಲ್ಪ ಒತ್ತಿಯೇ ಬರೆದೆ.